ಪಂಚ್ ಕಾರ್ಡಿಗೂ ಕುಂಕುಮ

ಗೆಳೆಯರೇ, ಇವತ್ತಿನ ಆಯುಧಪೂಜೆಯ ಖರ್ಚು ಕೇಳಿ: ಆರುನೂರು ಪಂಚ್ ಕಾರ್ಡು, ನನ್ನ ತಂಗಿಯ ಮಗಳು ವಸಂತಿಯ ನಾಲ್ಕು ತಿಂಗಳು.

ಉಪಗ್ರಹದ ಪಥ ಲೆಕ್ಕ ಹಾಕುವ ಅವಳ ಪ್ರೋಗ್ರಾಮು ಪೂರ್ತಿ ಆ ಕಾರ್ಡುಗಳ ತೂತುಗಳಲ್ಲಿತ್ತು. ಪಂಚ್ ಯಂತ್ರ ವಾರಕ್ಕೊಂದೇ ಗಂಟೆ ಸಿಗುತ್ತಿದ್ದುದರಿಂದ ಅಷ್ಟು ತೂತು ಹೊಡೆಯಲೇ ನಾಲ್ಕು ತಿಂಗಳು ಹಿಡಿದಿತ್ತು. ನಾಳೆ ರಜೆಯಾದ್ದರಿಂದ ಪಣಂಬೂರಿನ ಕಾರ್ಖಾನೆಯೊಂದು ತನ್ನ ಕಂಪ್ಯೂಟರನ್ನು ಅದೊಂದು ದಿನಕ್ಕೆ ಕೊಡಲು ಒಪ್ಪಿತ್ತು. ಕಾರ್ಡು ತರಲು ನಾವಿಬ್ಬರೂ ಕಾಲೇಜಿಗೆ ಹೋದರೆ, ಅವಳ ಭೌತಶಾಸ್ತ್ರದ ಪ್ರೊಫೆಸರು ಒಂದನ್ನೂ ಬಿಡದೆ ಎಲ್ಲ ಕಾರ್ಡಿಗೂ ಒದ್ದೆ ಗಂಧ, ಕುಂಕುಮ ಹಚ್ಚಿ ಮುಗಿಸಿದ್ದರು!

“ಸರ್, ಎಂತ ಮಾಡಿದ್ದು ಇದು? ಒದ್ದೆ ಕಾರ್ಡು ಯಂತ್ರದಲ್ಲಿ ಸಿಕ್ಕಿಬೀಳ್ತದೆ” ಎಂದಳು ವಸಂತಿ, ಕಾರ್ಡೊಂದನ್ನು ಎತ್ತಿ ಹಿಡಿದು.

“ದೇವರ ಪ್ರಸಾದ ಅಲ್ವಾ ಮಗಾ, ಎಂತದೂ ಆಗುದಿಲ್ಲ.”

ನನಗೆ ಉರಿದುಹೋಯಿತು. “ಹಾಗಾದ್ರೆ ನಿಮ್ಮ ಕನ್ನಡಕಕ್ಕೂ ಹಚ್ಚಿ ಮಾರಾಯ್ರೆ. ಅದನ್ನು ಹಾಕಿಕೊಂಡು ಕೂಳೂರು ಹೊಳೆಯ ಸಂಕದ ಮೇಲೆ ಸ್ಕೂಟರ್ ಬಿಟ್ಟು ತೋರಿಸಿ!”

ಅವರು ಮೆಲ್ಲಗೆ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. “ಇನ್ನೊಮ್ಮೆ ಪಂಚ್ ಮಾಡಿದ್ರಾಯ್ತಲ್ಲ.”

“ಮಾಡುದು ಯಾರು, ನೀವಾ?” ಎಂದೆ.

ಅವರು ಪ್ರಸಾದ ಹಂಚಲು ಪ್ಯೂನನತ್ತ ತಿರುಗಿದರು.

ಒಟ್ಟಿನಲ್ಲಿ ಪ್ರೊಫೆಸರಿಗೆ ಪುಣ್ಯ ಸಿಕ್ಕಿತು, ಪ್ಯೂನನಿಗೆ ಅವಲಕ್ಕಿ, ಬಾಳೆಹಣ್ಣು. ವಸಂತಿಗೆ ಸಿಕ್ಕಿದ್ದು ಇನ್ನೂ ನಾಲ್ಕು ತಿಂಗಳ ಕೆಲಸ.