ಮಸ್ತೂರಾ ಇಬು ಕರೆದ ಕೊನೆಯ ಸುತ್ತು

ಮಸ್ತೂರಾ ಇಬು ತಮ್ಮ ದನಿ ಆಕಾಶದಿಂದ ಮರಳಿ ಬರುವುದನ್ನು ಮೊದಲ ಸಲ ಕೇಳಿದ್ದು ಐವತ್ತೇಳನೆಯ ವಯಸ್ಸಿನಲ್ಲಿ. ಇಬು ಎಂದರೆ ನಮ್ಮಲ್ಲಿ ಅಮ್ಮ; ಹಿರಿಯ ಹೆಂಗಸರನ್ನು ಹಾಗೇ ಕರೆಯುವುದು. ಅದಕ್ಕೂ ಮುಂಚೆ ಮೂವತ್ತೊಂದು ವರ್ಷ ಅವರು ತೆರ್ನಾತೆ ದ್ವೀಪದ ದೂರವಾಣಿ ಕಚೇರಿಯಲ್ಲಿದ್ದರು. ಮೊದಲರ್ಧ, ಊರವರ ದನಿಗಳನ್ನು ಒಂದಕ್ಕೊಂದು ಕೂಡಿಸುವ ಕೆಲಸ. ತಿದೋರೆಯ ಲವಂಗದ ವರ್ತಕನಿಗೆ ಮಕಸ್ಸಾರಿನ ದಲ್ಲಾಳಿ, ಬಾಚಾನಿನ ಹೆಂಗಸಿಗೆ ಬಿತುಂಗ್ ಬಂದರಿನಲ್ಲಿ ಕಾದು ನಿಂತ ಗಂಡ. ತಂತಿಯ ತುದಿಯನ್ನು ತೂತಿಗೆ ಸಿಕ್ಕಿಸಿ, ‘ಮಾತಾಡಿ’ ಎಂದು ಹೇಳಿ, ನಡುವಿನಿಂದ ಸರಿದುಬಿಡಬೇಕು. ತಂತಿಯ ಹಲಗೆ ಹೋಗಿ ಯಂತ್ರ ಬಂದಾಗ ಅವರನ್ನು ಬಿಲ್ಲು ಕಟ್ಟಿಸಿಕೊಳ್ಳುವ ಕಿಟಕಿಯ ಹಿಂದೆ ಕೂರಿಸಿದರು. ಆಮೇಲೆ ನಿವೃತ್ತಿ. ಮದುವೆಯಾಗಿರಲಿಲ್ಲ. ಗಮಾಲಾಮಾ ಬೆಟ್ಟದ ಬುಡದಲ್ಲಿ ಯಾರದೋ ಮನೆಯ ಹಿಂಬದಿಯ ಕೋಣೆಯೊಂದರಲ್ಲಿ ಬಾಡಿಗೆಗಿದ್ದರು.

ಹವ್ಯಾಸಿ ರೇಡಿಯೋ ಪರೀಕ್ಷೆಗೆ ಅವರೂ ನಾನೂ ಒಂದೇ ಬೆಂಚಿನಲ್ಲಿ ಕೂತಿದ್ದೆವು. ನಾನಾಗ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಅವರು ನನಗಿಂತ ಹೆಚ್ಚು ಅಂಕ ತೆಗೆದರು. ಎತ್ತರದ ಕಂಬ ನೆಡಲು ಮನೆಯೊಡತಿ ಒಪ್ಪಲಿಲ್ಲ. ಹಾಗಾಗಿ ಅವರಿಗೆ ಉಳಿದದ್ದು ಉಪಗ್ರಹ ಮಾತ್ರ. ಸಮಭಾಜಕ ರೇಖೆಯ ಗುಂಟ ಸುತ್ತುವ ಒಂದು ಪುಟ್ಟ ಉಪಗ್ರಹದಲ್ಲಿ ನಮ್ಮಂಥ ಹವ್ಯಾಸಿಗಳಿಗೆಂದು ಒಂದು ದಾರಿ ಬಿಟ್ಟಿದ್ದರು. ಕೆಳಗಿನಿಂದ ಮಾತಾಡಿದರೆ ಅದು ಆ ಮಾತನ್ನು ಹಿಡಿದು ಸಾವಿರಾರು ಮೈಲಿ ಹರಡುತ್ತಿತ್ತು. ಅದಕ್ಕೆ ಕಂಬ ಬೇಡ, ಕೈಯಲ್ಲಿ ಹಿಡಿಯುವ ಆಂಟೆನಾ ಸಾಕು. ದರ್ಜಿಯ ಅಂಗಡಿಯ ಹಿಂದಿನ ಗುಜರಿಯಲ್ಲಿ ಸಿಕ್ಕ ಉಕ್ಕಿನ ಅಳತೆಪಟ್ಟಿಯನ್ನು ತುಂಡು ಮಾಡಿ, ನೀರಿನ ಪೈಪಿಗೆ ಬಿಗಿದು, ಅವರು ತಮ್ಮದನ್ನು ತಾವೇ ಮಾಡಿಕೊಂಡರು.

ಅದು ನೂರು ನಿಮಿಷಕ್ಕೊಮ್ಮೆ ಬರುತ್ತಿತ್ತು. ನಮಗೆ ಪಶ್ಚಿಮದಲ್ಲಿ ಬೆಟ್ಟ ಅಡ್ಡ. ಹಾಗಾಗಿ ಬೇರೆಯವರಿಗಿಂತ ತಡವಾಗಿ, ಬೆಟ್ಟದ ನೆತ್ತಿ ದಾಟಿದ ಮೇಲೆ ಸಿಕ್ಕುತ್ತಿತ್ತು. ಅಲ್ಲಿಂದ ಹಲ್ಮಹೇರಾದ ಗುಡ್ಡಗಳ ಹಿಂದೆ ಇಳಿಯುವವರೆಗೆ ಹತ್ತು ಹನ್ನೆರಡು ನಿಮಿಷ. ಮಸ್ತೂರಾ ಇಬು ಒಗೆದ ಬಟ್ಟೆಗಳ ನಡುವೆ ನಿಂತು, ಕಾಣದ ಹಕ್ಕಿಯೊಂದರ ಹಿಂದೆ ಕೈ ತಿರುಗಿಸುವಂತೆ ಆಂಟೆನಾ ತಿರುಗಿಸುತ್ತಿದ್ದರು. ಕಿವಿಯಲ್ಲಿ ಇನ್ನೊಂದು ರೇಡಿಯೋ. ಆಡಿದ ಮಾತು ಮೇಲೆ ಹೋಗಿ ಅದರಲ್ಲಿ ಮರಳಿ ಬಂದರೆ ದಾರಿ ತೆರೆದಿದೆ ಎಂದು ಅರ್ಥ. ದೂರದ ಫಕ್‌ಫಾಕಿನಲ್ಲಿ ಯೊಸಿನಾ ಎಂಬ ಮುದುಕಿ ಕಾಯುತ್ತಿದ್ದಳು; ಎಲ್ಲರೂ ಅವಳನ್ನು ಮಾಮಾ, ಅಂದರೆ ಅಮ್ಮ, ಎನ್ನುತ್ತಿದ್ದರು. ಇವತ್ತು ಏನಡುಗೆ, ಜಾಯಿಕಾಯಿ ಒಣಗಿತೇ, ಮೊಣಕಾಲು ಹೇಗಿದೆ. ಇಪ್ಪತ್ತು ಸೆಕೆಂಡು, ಅಷ್ಟೇ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಒಮ್ಮೆ ಫೋನಿನಲ್ಲಿ ಮಾತಾಡಿ ನೋಡಿದರಂತೆ. ಮಾತು ಹತ್ತಲಿಲ್ಲ, ಇಬ್ಬರೂ ಸುಮ್ಮನೆ ಉಸಿರಾಡುತ್ತ ಕೂತು ಇಟ್ಟುಬಿಟ್ಟರಂತೆ. ಇದನ್ನು ಹೇಳಿ ಇಬು ನಗುತ್ತಿದ್ದರು. ದಿನಕ್ಕೆ ನಾಲ್ಕೈದು ಸುತ್ತು. ಅವರನ್ನು ಹೆಸರು ಹಿಡಿದು ಯಾರಾದರೂ ಕರೆಯುತ್ತಿದ್ದುದು ಆ ನಿಮಿಷಗಳಲ್ಲಿ ಮಾತ್ರ.

ನಮ್ಮ ರೇಡಿಯೋ ಸಂಘದ ಅಧ್ಯಕ್ಷರು ಪಾಕ್ ತಾಮ್ರಿನ್. ಪಾಕ್ ಎಂದರೆ ಅಪ್ಪ, ಯಜಮಾನರು. ಸಿಮೆಂಟು, ಕಬ್ಬಿಣದ ವ್ಯಾಪಾರಿ. ಸಂಘದ ಮನೆಗೆ ಸೂರು ಹಾಕಿಸಿದವರು ಅವರು. ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ರೇಡಿಯೋ ಕೊಡಿಸಿದವರೂ ಅವರೇ. ನಮ್ಮ ಪರವಾನಗಿಗಳು ನವೀಕರಣಗೊಳ್ಳಬೇಕಾದರೆ ಅರ್ಜಿಯ ಕೆಳಗೆ ಅವರ ಸಹಿ ಬೀಳಬೇಕು. ಅವರ ಯಂತ್ರ ದೊಡ್ಡದು, ದನಿಯೂ ದೊಡ್ಡದು. ಉಪಗ್ರಹದ ಮೇಲೆ ಒಂದೇ ದಾರಿ. ಒಬ್ಬರು ಗುಂಡಿ ಒತ್ತಿದರೆ ಉಳಿದವರೆಲ್ಲ ಬಾಯಿ ಮುಚ್ಚಬೇಕು. ಪಾಕ್ ತಾಮ್ರಿನ್ ಒತ್ತಿದರೆ ಬಿಡುತ್ತಿರಲಿಲ್ಲ. ಮಲೇಷ್ಯಾದವರಿಗೆ, ಫಿಲಿಪ್ಪೀನ್ಸಿನವರಿಗೆ ತಮ್ಮ ಆಂಟೆನಾದ ಉದ್ದಗಲ ವರ್ಣಿಸುತ್ತ ಅರ್ಧ ಸುತ್ತನ್ನೇ ನುಂಗುತ್ತಿದ್ದರು.

ಒಂದು ಭಾನುವಾರ ಅವರು ಹೀಗೆ ಆರು ನಿಮಿಷ ಮಾತಾಡಿ ಬಿಟ್ಟ ಸಂದಿನಲ್ಲಿ, ಮಸ್ತೂರಾ ಇಬು ಟೆಲಿಫೋನು ಕಚೇರಿಯ ಹಳೆಯ ತಣ್ಣನೆ ದನಿಯಲ್ಲಿ ಹೇಳಿದರು. “ಪಾಕ್, ಸ್ವಲ್ಪ ಉಸಿರು ಬಿಡಿ. ಇಲ್ಲಿ ಬೇರೆಯವರೂ ಬದುಕಿದೀವಿ.”

ಏಳು ದೇಶದವರು ಕೇಳಿದರು. ಯಾರೋ ಆ ದನಿಯನ್ನು ರೆಕಾರ್ಡು ಮಾಡಿ ಎಲ್ಲರ ಫೋನಿಗೂ ಕಳಿಸಿದರು. ಮರುದಿನ ಸಿಮೆಂಟು ಮೂಟೆ ಹೊರುವವರು ಅಂಗಡಿಯ ಮುಂದೆ, ಮೂಟೆ ಇಳಿಸುವಾಗೆಲ್ಲ, ಸ್ವಲ್ಪ ಉಸಿರು ಬಿಡಿ ಪಾಕ್ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕರು.

ಆ ವಾರದ ಸಭೆಗೆ ಮಸ್ತೂರಾ ಇಬು ಬಂದಿರಲಿಲ್ಲ. ಪಾಕ್ ತಾಮ್ರಿನ್ ಸಿಟ್ಟು ಮಾಡಲಿಲ್ಲ. ಶುಂಠಿ ಕಾಫಿ ಕುಡಿಯುತ್ತ, ಇನ್ನು ಮೇಲೆ ಆ ಹೆಂಗಸು ಕರೆದರೆ ಯಾರೂ ಓಗೊಡುವುದು ಬೇಡ, ಅವಳು ಉಪಗ್ರಹದ ಮೇಲೆ ಇರುವಾಗ ಯಾರೂ ಗುಂಡಿ ಒತ್ತುವುದೂ ಬೇಡ, ಜಾಗ ಬೇಕು ಅಂದಳಲ್ಲ, ಎಲ್ಲಾ ಜಾಗವೂ ಅವಳಿಗೇ ಇರಲಿ ಎಂದರು. ಎಲ್ಲರೂ ನಕ್ಕರು. ನಾನು ಸಂಘದ ಕಾರ್ಯದರ್ಶಿ. ನಗಲಿಲ್ಲ, ಆದರೆ ಬೇಡವೆನ್ನಲೂ ಇಲ್ಲ. ಮಾತು ಅಂಬೋನಿಗೂ ಸೊರೋಂಗಿಗೂ ಹೋಯಿತು. ಅಲ್ಲಿನ ಸಂಘದವರೂ ಪಾಕ್ ತಾಮ್ರಿನ್‌ರ ಗೆಳೆಯರೇ.

ನಮ್ಮ ಕಡೆಯ ಮಟ್ಟಿಗೆ ಉಪಗ್ರಹ ಖಾಲಿಯಾಯಿತು. ನಿಜವಾಗಿ ಖಾಲಿಯಾಗಿರಲಿಲ್ಲ, ನಾವೆಲ್ಲ ರೇಡಿಯೋ ಹಚ್ಚಿಕೊಂಡು ಕೇಳುತ್ತಲೇ ಇದ್ದೆವು. ಮಸ್ತೂರಾ ಇಬು ಕರೆಯುವುದು, ಕಾಯುವುದು, ಮತ್ತೆ ಕರೆಯುವುದು. ಮಾಮಾ ಯೊಸಿನಾ ಒಬ್ಬಳು ಓಗೊಡುವುದು. ಉಳಿದ ಹೊತ್ತೆಲ್ಲ ಮರಳು ಜಾರಿದಂಥ ಸದ್ದು. ಐಸ್ ಕಾರ್ಖಾನೆಯ ಮೆಕ್ಯಾನಿಕ್ ಪಾಕ್ ಗಫೂರ್ ಕೆಲಸದ ನಡುವೆ ಅವರ ದನಿಯನ್ನು ಅಣಕಿಸಿ ನಮಗೆ ಕಳಿಸುತ್ತಿದ್ದರು. ಚೆನ್ನಾಗಿ ಅಣಕಿಸುತ್ತಿದ್ದರು.

ಐದು ತಿಂಗಳ ಮೇಲೆ ಉಪಗ್ರಹ ನಡೆಸುವವರಿಂದ ಕಾಗದ ಬಂತು. ಪೂರ್ವದ ದ್ವೀಪಗಳಲ್ಲಿ ಬಳಕೆ ತೀರಾ ಕಡಿಮೆಯಾಗಿದೆ. ಇದೇ ತಿಂಗಳ ಮೂವತ್ತರ ಹನ್ನೆರಡು ಗಂಟೆಯೊಳಗೆ ಕನಿಷ್ಠ ಇಪ್ಪತ್ತು ಬೇರೆ ಬೇರೆ ಕೇಂದ್ರಗಳ ದನಿ ದಾಖಲಾಗದಿದ್ದರೆ ಇಲ್ಲಿನ ಮಟ್ಟಿಗೆ ಮಾತಿನ ದಾರಿ ಮುಚ್ಚಿ ಆ ವಿದ್ಯುತ್ತನ್ನು ಕ್ಯಾಮೆರಾಕ್ಕೆ ಕೊಡಲಾಗುವುದು ಎಂದಿತ್ತು. ಅದರ ಒಂದು ಪ್ರತಿ ಮಸ್ತೂರಾ ಇಬುಗೂ ಹೋಗಿತ್ತು.

ರೇಡಿಯೋದವರು ಗಡಿಯಾರ ನೋಡುವುದು ಎಲ್ಲ ದೇಶಗಳಿಗೂ ಒಂದೇ ಆದ ಲೋಕಸಮಯದಲ್ಲಿ. ಅದು ನಮ್ಮೂರಿಗಿಂತ ಒಂಬತ್ತು ಗಂಟೆ ಹಿಂದೆ. ಕಾಗದದ ಮೇಲೆ ಗಂಟೆ ಕಂಡರೆ ಒಂಬತ್ತು ಕೂಡಿಸುವುದು ನಮಗೆ ಕಣ್ಣು ಮಿಟುಕಿಸಿದಷ್ಟು ಸಹಜ. ಪಾಕ್ ತಾಮ್ರಿನ್ ಕೂಡಿಸಿದರು. ಮೂವತ್ತರ ರಾತ್ರಿ ಒಂಬತ್ತರವರೆಗೆ ಸಮಯವಿದೆ ಎಂದು ಸಾರಿದರು. ನಾನು ಅದನ್ನೇ ಸಭೆಯ ಪುಸ್ತಕದಲ್ಲಿ ಬರೆದೆ.

ಆಮೇಲೆ ಅವರು ನನ್ನನ್ನು ಮಸ್ತೂರಾ ಇಬು ಬಳಿ ಕಳಿಸಿದರು. ಉಪಗ್ರಹದ ಮೇಲೆ, ಎಲ್ಲರೂ ಕೇಳುವಂತೆ ಅವರು ಕ್ಷಮೆ ಕೇಳಬೇಕು. ಕೇಳಿದ ಸುತ್ತಿನಲ್ಲೇ ನಾವು ಹದಿನಾಲ್ಕು ಮಂದಿ ಸಾಲಾಗಿ ಓಗೊಡುತ್ತೇವೆ. ದಾಖಲೆಯಲ್ಲಿ ಆಗಲೇ ಆರು ಕೇಂದ್ರಗಳಿದ್ದವು: ಇವರು, ಯೊಸಿನಾ, ನಮ್ಮ ಕಟ್ಟುಪಾಡು ಗೊತ್ತಿಲ್ಲದೆ ಎಂದೋ ಒಮ್ಮೆ ಓಗೊಟ್ಟ ನಾಲ್ವರು. ಲೆಕ್ಕ ಸರಿಹೋಗುತ್ತದೆ.

ಇಬು ಬಾಳೆಕಾಯಿ ಕರಿಯುತ್ತಿದ್ದರು. ನನ್ನ ಮುಂದೆ ತಟ್ಟೆ ಇಟ್ಟು, ಮೆಣಸಿನಕಾಯಿಯ ಸಂಬಾಲ್ ಬಡಿಸಿ, ಎಲ್ಲವನ್ನೂ ಕೇಳಿಸಿಕೊಂಡರು.

“ನಾನೇನ್ ಸುಳ್ ಹೇಳಿದ್ನಾ ಮಗಳೇ?”

“ಇಲ್ಲ ಇಬು.”

“ಮತ್ತೆ ಯಾತಕ್ಕೆ ಕ್ಷಮೆ?”

“ಹಂಗಲ್ಲ ಇಬು. ಒಂದ್ ಮಾತು ಅಂದ್ಬಿಟ್ರೆ ಎಲ್ಲ ಮುಗಿಯುತ್ತೆ.”

“ಮುಗಿಯೋದು ನನಗೂ ಕಾಣ್ತಿದೆ.” ಅವರು ಎಣ್ಣೆಯಲ್ಲಿ ಬಾಳೆಕಾಯಿ ಮಗುಚಿದರು. “ನೀನೂ ಕೇಳಿಸ್ಕೋತೀಯಲ್ಲ ದಿನಾ? ನಾನ್ ಕೂಗೋದನ್ನ?” ಎಂದರು.

ನಾನು ಬಾಯಿ ಸುಡುವ ತುಂಡೊಂದನ್ನು ಬಾಯಿಗೆ ಹಾಕಿಕೊಂಡೆ.

ಮೂರು ವಾರ ಅವರು ಕ್ಷಮೆ ಕೇಳಲಿಲ್ಲ. ದಿನವೂ ಅಪರಿಚಿತರನ್ನು ಹುಡುಕಿ ಕರೆದರು. ಸಂಖ್ಯೆ ಆರನ್ನು ದಾಟಲಿಲ್ಲ. ಸೊರೋಂಗಿನ ಒಬ್ಬ ಹೊಸಬ ಪಾಪ ಓಗೊಡಲು ಹೊರಟವನು, ಅರ್ಧ ಹೆಸರು ಹೇಳಿ ನಿಲ್ಲಿಸಿದ. ಯಾರೋ ಅವನಿಗೆ ಅದೇ ಕ್ಷಣದಲ್ಲಿ ಫೋನು ಮಾಡಿದ್ದರು.

ಮೂವತ್ತರ ಬೆಳಗ್ಗೆ ಪಾಕ್ ತಾಮ್ರಿನ್ ಎಲ್ಲರನ್ನೂ ಸಂಘದ ಮನೆಗೆ ಕರೆಸಿದ್ದರು. ಇವತ್ತು ಅವಳು ಬಂದೇ ಬರುತ್ತಾಳೆ ಎಂದಿದ್ದರು. ಹಬ್ಬದಂತಿತ್ತು. ಹುರಿದ ಮೀನು, ಸಾಗೋ ಮರದ ಹಿಟ್ಟಿನ ರೊಟ್ಟಿ, ಕಾಫಿಯ ಮೇಲೆ ತೇಲುವ ಕೆನಾರಿ ಬೀಜ. ಹದಿನಾಲ್ಕು ಕೈರೇಡಿಯೋಗಳು ಮೇಜಿನ ಮೇಲೆ ಸಾಲಾಗಿದ್ದವು. ಗೋಡೆಯ ಮೇಲೆ ಕಾಗದ.

ಹನ್ನೊಂದು ಗಂಟೆ ನಲವತ್ತೆರಡು ನಿಮಿಷಕ್ಕೆ ಉಪಗ್ರಹ ಬೆಟ್ಟ ದಾಟಿತು. ಮಸ್ತೂರಾ ಇಬು ಪರವಾನಗಿಯೊಡನೆ ಸಿಕ್ಕ ತಮ್ಮ ಕರೆಸಂಕೇತ ಹೇಳಿದರು. ಆಮೇಲೆ, ಓದುವವರ ಹಾಗೆ, ತಾವು ಆಡಿದ ಮಾತಿನಿಂದ ನೋವಾಗಿದ್ದರೆ ಕ್ಷಮೆ ಕೇಳುತ್ತೇನೆ ಎಂದರು.

ನಾವು ರೇಡಿಯೋಗಳಿಗೆ ಕೈ ಹಾಕಿದೆವು. ಪಾಕ್ ತಾಮ್ರಿನ್ ಅಂಗೈ ಎತ್ತಿದರು.

“ತಡೀರಿ. ಯಾರ್ನ ಕೇಳಿದ್ಲು? ಹೆಸರೇ ಇಲ್ವಲ್ಲ.”

ಅವರಿಗೆ ಅದು ಕೇಳಿಸಿದಂತೆ, ಒಂದು ನಿಮಿಷ ಕಾದು ಇಬು ಮತ್ತೆ ಹೇಳಿದರು. ಈ ಸಲ ಹೆಸರಿತ್ತು. ಅಧ್ಯಕ್ಷರಾದ ಪಾಕ್ ತಾಮ್ರಿನ್ ಅವರಲ್ಲಿ, ಎಂದರು.

“ನೋಡಿ, ಎಷ್ಟ್ ಚೆನ್ನಾಗ್ ಬರುತ್ತೆ,” ಎಂದರು ಪಾಕ್ ತಾಮ್ರಿನ್. “ಇನ್ನೊಂದ್ ಸಲ ಆಗ್ಲಿ. ಸ್ವಲ್ಪ ಉಸಿರು ಬಿಟ್ಟು ಬಿಟ್ಟು.”

ಪಾಕ್ ಗಫೂರ್ ಕಾಫಿ ಮೂಗಿಗೆ ಹತ್ತಿ ಕೆಮ್ಮುವಷ್ಟು ನಕ್ಕರು. ಮೀನಿನ ತಟ್ಟೆ ಕೈಯಿಂದ ಕೈಗೆ ಹೋಯಿತು. ನಡುವೆ ಮಾಮಾ ಯೊಸಿನಾಳ ಒಡೆದ ದನಿ ಬಂತು. “ತೆರ್ನಾತೆಯವರೇ, ಕೇಳಿಸ್ತಿದ್ಯಾ? ಮಾತಾಡ್ರಪ್ಪಾ. ಅವಳು ಕೇಳ್ಕೊಂಡಾಯ್ತಲ್ಲ.”

ಯಾರೂ ಒತ್ತಲಿಲ್ಲ. ಒಬ್ಬರು ಒತ್ತಿದ್ದರೆ ಉಳಿದವರು ಒತ್ತುತ್ತಿದ್ದರೇನೋ. ನನ್ನ ಹೆಬ್ಬೆರಳು ಗುಂಡಿಯ ಮೇಲಿತ್ತು. ಅದನ್ನು ತೆಗೆದು ಲಂಗಕ್ಕೆ ಒರೆಸಿಕೊಂಡೆ.

ಮಸ್ತೂರಾ ಇಬು ಮೂರನೆಯ ಸಲ ಬಂದಾಗ ಕ್ಷಮೆ ಕೇಳಲಿಲ್ಲ. “ಪಾಕ್, ಇದೇ ಕೊನೇ ಸುತ್ತು. ಯಾರಾದ್ರೂ ಇದ್ದೀರಾ?” ಎಂದರು.

“ಬೆದರಿಸ್ತಾಳೆ ನೋಡು,” ಎಂದರು ಪಾಕ್ ತಾಮ್ರಿನ್. “ರಾತ್ರಿ ಒಂಬತ್ತರ ತನಕ ಇನ್ನೂ ಐದು ಸುತ್ತಿದೆ. ಬೇಯ್ಲಿ ಬಿಡಿ.”

ಇಬು ಇನ್ನೆರಡು ಸಲ ಕರೆಸಂಕೇತವನ್ನಷ್ಟೇ ಹೇಳಿದರು. ಕೊನೆಯದರ ಅರ್ಧ ಹಲ್ಮಹೇರಾದ ಗುಡ್ಡದ ಹಿಂದೆ ಹೋಯಿತು.

ಮುಂದಿನ ಸುತ್ತು ಒಂದು ಇಪ್ಪತ್ತೆರಡಕ್ಕೆ. ಅಷ್ಟರಲ್ಲಿ ಹೊಟ್ಟೆ ತುಂಬಿತ್ತು, ಕೆಲವರಿಗೆ ಮನೆಗೆ ಹೋಗಬೇಕಿತ್ತು. ಪಾಕ್ ತಾಮ್ರಿನ್‌ಗೂ ಸಾಕಾಗಿತ್ತು. ಹೋಗಲಿ ಪಾಪ, ಮುಗಿಸಿಬಿಡೋಣ ಎಂದು ತಾವೇ ಮೊದಲು ಗುಂಡಿ ಒತ್ತಿ ಕರೆಸಂಕೇತ ಹೇಳಿದರು. ಅವರ ದನಿ ಮರಳಿ ಬರಲಿಲ್ಲ. ತಂತಿ ನೋಡಿದರು, ಮತ್ತೆ ಒತ್ತಿದರು. ನಾವೂ ಒಬ್ಬೊಬ್ಬರಾಗಿ ಒತ್ತಿದೆವು. ಮರಳು ಜಾರುವ ಸದ್ದೂ ಬೇರೆ ರೀತಿಯದಾಗಿತ್ತು.

ಪಾಕ್ ಗಫೂರ್ ಗೋಡೆಯಿಂದ ಕಾಗದ ಕಿತ್ತು ಓದಿದರು. ಹನ್ನೆರಡು ಗಂಟೆ ಎಂಬುದರ ಮುಂದೆ ‘ಪೂರ್ವ ದ್ವೀಪಗಳ ಸ್ಥಳೀಯ ಸಮಯ’ ಎಂದು ಬರೆದಿತ್ತು. ಉಪಗ್ರಹದವರು ಆಗಲೇ ಕೂಡಿಸಿ ಬರೆದಿದ್ದ ಒಂಬತ್ತಕ್ಕೆ ನಾವು ಮತ್ತೊಂದು ಒಂಬತ್ತು ಕೂಡಿಸಿದ್ದೆವು. ಕಾಗದ ಎಲ್ಲರ ಕೈಗೂ ಹೋಯಿತು. ತಿಂಗಳಿಡೀ ಅದು ನಮ್ಮ ಕಣ್ಣೆದುರೇ ಇತ್ತು.

“ಅವಳಿಗೆ ಗೊತ್ತಿತ್ತಲ್ಲ,” ಎಂದರು ಪಾಕ್ ತಾಮ್ರಿನ್. “ಸರಿಯಾಗ್ ಬಿಡಿಸಿ ಹೇಳ್ಬೇಕಿತ್ತು.”

ಯಾರೋ ಹೌದೆಂದರು. ಸಂಜೆಯ ಹೊತ್ತಿಗೆ ಎಲ್ಲರೂ ಹೌದೆನ್ನುತ್ತಿದ್ದರು.

ಉಪಗ್ರಹದವರಿಗೆ ಸಂಘದಿಂದ ವಿವರಣೆ ಕೊಡಬೇಕಾಯಿತು. ಪಾಕ್ ತಾಮ್ರಿನ್ ಹೇಳಿದಂತೆ ನಾನು ಬರೆದೆ: ಸದಸ್ಯರ ಆಸಕ್ತಿ ಕುಂದಿತ್ತು, ಒಬ್ಬ ಮಹಿಳಾ ಸದಸ್ಯೆಯ ಒರಟು ಮಾತಿನಿಂದ ಹಲವರು ಉಪಗ್ರಹ ಬಳಸುವುದನ್ನೇ ಬಿಟ್ಟಿದ್ದರು, ಕೊನೆಯ ಸುತ್ತು ಹನ್ನೊಂದು ಐವತ್ತನಾಲ್ಕಕ್ಕೆ ಮುಗಿಯಿತು. ಕೆಳಗೆ ಆ ಸದಸ್ಯೆಯ ಹೆಸರು, ಕರೆಸಂಕೇತ.

ಕಳಿಸುವ ಮುಂಚೆ ಸಭೆಯಲ್ಲಿ ಓದುವುದು ನಮ್ಮ ಕ್ರಮ. ಆ ದಿನ ಮಸ್ತೂರಾ ಇಬು ಬಂದಿದ್ದರು. ಪರವಾನಗಿಯ ಅವಧಿ ಮುಗಿಯುತ್ತಿತ್ತು. ಅರ್ಜಿಗೆ ಸಹಿ ಬೇಕಿತ್ತು. ಹಿಂದಿನ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟು ಕೂತಿದ್ದರು. ನಾನು ಪೂರ್ತಿ ಓದಿದೆ, ಹೆಸರನ್ನೂ. ಪಾಕ್ ತಾಮ್ರಿನ್ ತಿದ್ದುಪಡಿ ಏನಾದರೂ ಇದೆಯೇ ಎಂದು ಕೇಳಿದರು.

ಇಬು ಕೈ ಎತ್ತಿದರು.

“ಐವತ್ನಾಲ್ಕಲ್ಲ. ಹನ್ನೊಂದು ಐವತ್ಮೂರು,” ಎಂದರು. “ನಾನ್ ಗಡಿಯಾರ ನೋಡ್ತಿದ್ದೆ.”

“ಮತ್ತೇನಾದ್ರೂ?”

“ಇಲ್ಲ.”

ಪಾಕ್ ತಾಮ್ರಿನ್ ಅವರ ಅರ್ಜಿಗೆ ನಗುತ್ತಲೇ ಸಹಿ ಮಾಡಿಕೊಟ್ಟರು. ಅವರು ಅದನ್ನು ಎರಡು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, ನನಗೆ ಬರ್ತೀನಿ ಮಗಳೇ ಎಂದು ಹೇಳಿ ಹೋದರು. ಆ ಅರ್ಜಿಯನ್ನು ಅವರು ಇಲಾಖೆಗೆ ಕಳಿಸಲೇ ಇಲ್ಲ. ಮುಂದಿನ ವರ್ಷದ ಪಟ್ಟಿಯಲ್ಲಿ ಅವರ ಕರೆಸಂಕೇತ ಇರಲಿಲ್ಲ.

ನಾನು ಐವತ್ತನಾಲ್ಕನ್ನು ಐವತ್ತಮೂರು ಮಾಡಿದೆ. ಉಳಿದದ್ದನ್ನು ಹಾಗೆಯೇ ಕಳಿಸಿದೆ.