ಸಾಹೇಬರ ಒಂದು ‘ಮೈಟ್’

ಗೆಳೆಯರೇ, ಇಂದು ನನ್ನ ಇಂಗ್ಲಿಷಿನಿಂದ ಒಬ್ಬನ ರೊಟ್ಟಿ ತಪ್ಪಿತು.

ಚಳವಳಿಯಲ್ಲಿ ಘೋಷಣೆ ಕೂಗಿದನೆಂದು ಚಿಕ್ಕೇರೂರಿನ ಬಸಪ್ಪನನ್ನು ಹಿರೇಕೆರೂರಿನ ಕಚೇರಿಯಲ್ಲಿ ಕೂಡಿಹಾಕಿದ್ದರು. ಅವನ ಹೆಂಡತಿ ನಿಂಗವ್ವ ರೊಟ್ಟಿಗಂಟು ಹಿಡಿದು ಬಂದಿದ್ದಳು. ಬಿಳಿ ಸಾಹೇಬರ ಮಾತು ತಿಳಿಸಲು ಶಾಲೆಯ ಮಾಸ್ತರನಾದ ನನ್ನನ್ನು ಕರೆಸಿದರು.

ಸಾಹೇಬರು, “ಹಿ ಮೈಟ್ ಗೋ ಹೋಮ್ ಟುಡೇ” ಎಂದರು. ಇವತ್ತು ಬಿಟ್ಟರೂ ಬಿಡಬಹುದು ಎಂಬುದು ಅದರ ಅರ್ಥವೆಂದು ಆಮೇಲೆ ತಿಳಿಯಿತು. ನಾನು ಮಕ್ಕಳಿಗೆ ಕಲಿಸುವುದೇ ಬೇರೆ: ‘ಮೇ’ ವರ್ತಮಾನಕಾಲ, ‘ಮೈಟ್’ ಭೂತಕಾಲ. ಆದ್ದರಿಂದ, “ಇವತ್ತ ಮನಿಗೆ ಹೋಗಿರಬಹುದಂತ, ನಿಂಗವ್ವಾ” ಎಂದೆ.

“ಹಂಗಾರ ನಾ ಇಲ್ಲೇನ್ ಮಾಡ್ಲಿರಿ, ಮಾಸ್ತರ?” ಎಂದವಳೇ ನಿಂಗವ್ವ ಗಂಟಿನ ಸಮೇತ ಊರ ದಾರಿ ಹಿಡಿದಳು.

ಸ್ವಲ್ಪ ಹೊತ್ತಿಗೆ ಬಸಪ್ಪನನ್ನು ಬಿಟ್ಟರು.

“ನಮ್ಮಾಕಿ ಎಲ್ಲದಾಳ್ರಿ?” ಎಂದ.

“ನಿನ್ನ ನೋಡಾಕ ಮನಿಗೆ ಹೋದ್ಲು.”

“ರೊಟ್ಟಿ?”

“ಅವೂ ಹೋದುವು.”

ನಡೆದದ್ದನ್ನೆಲ್ಲ ಹೇಳಿ, “ನಮ್ಮನಿಗೆ ಬಾ, ಉಣ್ಣಬಹುದು” ಎಂದೆ.

ಅವನು ಕದಲಲಿಲ್ಲ. “ಉಣ್ಣಬಹುದೋ, ಉಂಡಿರಬಹುದೋ? ಮೊದ್ಲ ಖಾತ್ರಿ ಮಾಡಿ ಹೇಳ್ರಿ, ಮಾಸ್ತರ.”

ಈಗ ನಮ್ಮ ಪಡಸಾಲೆಯಲ್ಲಿ ಕೂತು ಉಣ್ಣುತ್ತಿದ್ದಾನೆ. ಇದಂತೂ ವರ್ತಮಾನಕಾಲವೇ, ಯಾವ ಅನುಮಾನವೂ ಇಲ್ಲ.