ಶೂ ನೋಡಿ ಹೇಳಿದ ಭವಿಷ್ಯ

ಎಂಬತ್ತರ ದಶಕದಲ್ಲಿ ನಾನು ಹೊಸನಗರದಲ್ಲಿ ಬಸ್ ಏಜೆಂಟ್. ವಾಲಿಬಾಲ್ ಟೂರ್ನಮೆಂಟ್ ಹತ್ತಿರ ಬಂತೆಂದರೆ, ಯಾವ ಆಟಗಾರ ಯಾವ ಊರಿನ ಟೀಮಿಗೆ ಹೋಗುತ್ತಾನೆಂದು ಮೊದಲೇ ಹೇಳಿಬಿಡುತ್ತಿದ್ದೆ. ಕ್ಯಾನ್ವಾಸ್ ಶೂ ಹಿಡಿದು ಪ್ರಾಕ್ಟೀಸಿಗೆಂದು ಯಾರು ಯಾವ ಊರಿನ ಬಸ್ ಹತ್ತಿದರೆಂದು ನೋಡಿದರೆ ಸಾಕಿತ್ತು.

ಒಂದು ವರ್ಷ ನಮ್ಮ ಟೀಮಿನ ಸ್ಮ್ಯಾಶರನೇ ಶೂ ಹಿಡಿದು ಸಾಗರದ ಬಸ್ ಹತ್ತಿದ. ನನಗೆ ಮೈಯೆಲ್ಲ ಉರಿದುಹೋಯಿತು. "ಊರು ಮರೆತೋನು! ಈ ಸಲ ಸಾಗರಕ್ಕೇ ಆಡ್ತಾನೆ, ಬರೆದಿಟ್ಕೊಳ್ಳಿ" ಎಂದು ಹೋಟೆಲಿನಲ್ಲಿ ಎಲ್ಲರೆದುರು ಕೂಗಾಡಿದೆ.

ಸಂಜೆಯ ಬಸ್ಸಿಗೆ ಅವನು ವಾಪಸ್ ಬಂದ. ಅವನ ಹಿಂದೆಯೇ, ಸ್ಮ್ಯಾಶ್ ಹೊಡೆಯಲು ಚೆಂಡು ಎತ್ತಿಕೊಡುವ ಸಾಗರದ ಲಿಫ್ಟರ್ ಇಳಿದ. ಅವನ ಕೈಯಲ್ಲೂ ಶೂ!

"ಏಜೆಂಟ್ರೇ, ಒಟ್ಟಿಗೆ ಆಡಿ ನೋಡಿದ್ವಿ, ಜೋಡಿ ಚೆನ್ನಾಗಿ ಕೂಡ್ತು. ಈ ವರ್ಷ ಇವ್ನು ನಮ್ಮ ಕಡೆ" ಎಂದ ನಮ್ಮ ಹುಡುಗ.

ಯಾರ ಲಗೇಜನ್ನೂ ಮುಟ್ಟದ ನಾನು ಇಬ್ಬರ ಶೂಗಳನ್ನೂ ಕಿತ್ತುಕೊಂಡು, ಅದೇ ಹೋಟೆಲಿನತ್ತ ಮುಂದೆ ಮುಂದೆ ನಡೆದೆ.